ಮಗುವನ್ನು ಮನೆಗೆ ಕಳಿಸಿದರೆ ಕೆಲಸ ಮುಗಿಯಿತಾ?

ರೈಲು ನಿಲ್ದಾಣದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ ಅಂದ ಕೂಡಲೇ ಜನ ಕೇಳುವುದು ಒಂದೇ: "ಪಾಪ, ಆ ಮಕ್ಕಳಿಗೆ ಯಾರೂ ಇಲ್ವಾ?" ಇದ್ದಾರೆ. ನಾನು ನೋಡಿದ ಹೆಚ್ಚಿನ ಮಕ್ಕಳಿಗೆ ಅಮ್ಮನೋ ಅಪ್ಪನೋ ಅಜ್ಜಿಯೋ ಸೋದರಮಾವನೋ, ಯಾರಾದರೊಬ್ಬರು ಇದ್ದೇ ಇದ್ದಾರೆ. ಹಾಗಂದರೆ ಮುಂದಿನ ಪ್ರಶ್ನೆ ಹಿಂದೆಯೇ ಬರುತ್ತದೆ: "ಮತ್ತೇನು, ಟಿಕೆಟ್ ಮಾಡಿಸಿ ಕಳಿಸಿಬಿಡಿ, ಮುಗೀತಲ್ವಾ?"

ಮುಗಿಯುವುದಿಲ್ಲ. ಮಗು ಮನೆ ಬಿಟ್ಟಿದ್ದು ಯಾಕೆ ಅಂತ ತಿಳಿಯದೆ, ಆ ಕಾರಣಕ್ಕೆ ಏನೂ ಮಾಡದೆ ಮನೆ ಮುಟ್ಟಿಸಿದರೆ ಅದೇ ಮಗು ಮತ್ತೆ ರೈಲು ಹತ್ತುತ್ತದೆ. ಎರಡನೇ ಸಲ ಇನ್ನೂ ದೂರ ಹೋಗುತ್ತದೆ. ನಮ್ಮಂಥವರನ್ನು ಕಂಡರೆ ಜಾಗ ಖಾಲಿ ಮಾಡುವುದನ್ನೂ ಅಷ್ಟರಲ್ಲಿ ಕಲಿತಿರುತ್ತದೆ.

ಬೀದಿಯಲ್ಲಿ ಕಾಣುವ ಮಕ್ಕಳೆಲ್ಲ ಒಂದೇ ಥರ ಅಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇವರನ್ನು ಮೂರು ಬಗೆಯಾಗಿ ನೋಡುತ್ತದೆ. ಯಾರ ಆಸರೆಯೂ ಇಲ್ಲದೆ ಒಂಟಿಯಾಗಿ ಬೀದಿಯಲ್ಲೇ ಇರುವವರು. ಅಪ್ಪ ಅಮ್ಮನ ಜೊತೆ ಫುಟ್‌ಪಾತಿನಲ್ಲಿ, ಫ್ಲೈಓವರ್ ಕೆಳಗೆ ಬದುಕುವವರು. ಹಗಲೆಲ್ಲ ಬೀದಿಯಲ್ಲಿ ಚಿಂದಿ ಆಯ್ದು, ಬಲೂನು ಮಾರಿ, ರಾತ್ರಿ ಹತ್ತಿರದ ಕೊಳೆಗೇರಿಯ ಮನೆಗೆ ಹೋಗುವವರು. ಮೂವರಿಗೂ ಬೇಕಾದದ್ದು ಬೇರೆ ಬೇರೆ. ಒಂಟಿ ಮಗುವಿಗೆ ಇವತ್ತು ರಾತ್ರಿ ಮಲಗಲು ಜಾಗ ಬೇಕು. ಫುಟ್‌ಪಾತಿನ ಮಗುವಿಗೆ ಅಮ್ಮ ಇದ್ದಾಳೆ, ಬೇಕಾದದ್ದು ಅಂಗನವಾಡಿ ಮತ್ತು ಶಾಲೆ. ಇವರನ್ನೆಲ್ಲ ಒಂದೇ ವ್ಯಾನಿಗೆ ಹತ್ತಿಸಿದರೆ ಯಾರಿಗೂ ಉಪಕಾರ ಆಗುವುದಿಲ್ಲ.

ನನ್ನ ಕೆಲಸ ಹೆಚ್ಚಾಗಿ ಮೊದಲನೆಯ ಬಗೆಯವರ ಜೊತೆ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಹಳೆಯ ಬೇರು ಇದೆ. ಬೆಂಗಳೂರಿನಲ್ಲಿ ಬೋಸ್ಕೊ ಸಂಸ್ಥೆ 1980ರಲ್ಲೇ ಬೀದಿ ಮಕ್ಕಳ ನಡುವೆ ಕೆಲಸ ಶುರು ಮಾಡಿತು. ಮನೆ ಬಿಟ್ಟು ಪ್ಲಾಟ್‌ಫಾರ್ಮ್ ಸೇರಿದ ಮಕ್ಕಳನ್ನು ಮನೆಯವರ ಜೊತೆ ಸೇರಿಸುವ ಸಾಥಿ ಸಂಸ್ಥೆ 1992ರಲ್ಲಿ ರಾಯಚೂರಿನಲ್ಲಿ ಹುಟ್ಟಿತು. ಇವತ್ತು ದೊಡ್ಡ ನಿಲ್ದಾಣಗಳಲ್ಲಿ ಮಕ್ಕಳ ಸಹಾಯ ಕೇಂದ್ರ ಇದೆ, ರೈಲ್ವೆ ರಕ್ಷಣಾ ದಳದವರೂ ಮಕ್ಕಳನ್ನು ಕರೆತರುತ್ತಾರೆ.

ಒಂಟಿ ಮಗುವನ್ನು ಗುರುತಿಸುವುದು ಹೇಗೆ ಅಂತ ಹೊಸದಾಗಿ ಸೇರಿದವರು ಕೇಳುತ್ತಾರೆ. ಬಟ್ಟೆ ನೋಡಬೇಡಿ, ಮಗು ಏನು ಮಾಡುತ್ತಿದೆ ಅಂತ ನೋಡಿ. ರೈಲು ಬಂತು, ಹೋಯಿತು, ಇನ್ನೊಂದು ಬಂತು, ಮಗು ಮಾತ್ರ ಕೂತಲ್ಲೇ ಇದೆ. ಖಾಕಿ ಕಂಡರೆ ಯಾವುದೋ ಕುಟುಂಬದ ಪಕ್ಕ ಹೋಗಿ ನಿಲ್ಲುತ್ತದೆ, ಆ ಕುಟುಂಬ ನಡೆದರೆ ಜೊತೆಗೆ ನಡೆಯುವುದಿಲ್ಲ. ಶಾಲೆ ನಡೆಯುವ ದಿನ ಮಧ್ಯಾಹ್ನ ಹೆಗಲಲ್ಲಿ ಸ್ಕೂಲ್ ಬ್ಯಾಗು, ಒಳಗೆ ಪುಸ್ತಕದ ಬದಲು ಒಂದು ಜೊತೆ ಬಟ್ಟೆ. ನಾವು ಗಮನಿಸುವ ಇದನ್ನೆಲ್ಲ ಬೇರೆಯವರೂ ಗಮನಿಸುತ್ತಾರೆ. "ಊಟ, ವಸತಿ, ಕೈತುಂಬ ಸಂಬಳ" ಅನ್ನುತ್ತಾ ಕೇಟರಿಂಗಿಗೋ ಬೇಕರಿಗೋ ಕರೆದೊಯ್ಯಲು ನೋಡುವವರು ಅದೇ ಪ್ಲಾಟ್‌ಫಾರ್ಮಿನಲ್ಲಿ ಇರುತ್ತಾರೆ. ಮೊದಲ ಕೆಲವು ಗಂಟೆಗಳಲ್ಲಿ ಮಗುವಿನ ಹತ್ತಿರ ಯಾರು ಮೊದಲು ಹೋಗುತ್ತಾರೆ ಅನ್ನುವುದರ ಮೇಲೆ ಬಹಳ ಇದೆ. ಹೆಣ್ಣುಮಕ್ಕಳು ಪ್ಲಾಟ್‌ಫಾರ್ಮಿನಲ್ಲಿ ಕಡಿಮೆ ಕಾಣುತ್ತಾರೆ. ಅವರು ಮನೆ ಬಿಡುವುದು ಕಡಿಮೆ ಅಂತ ದಯವಿಟ್ಟು ತಿಳಿಯಬೇಡಿ. ಒಂಟಿ ಹುಡುಗಿಯನ್ನು ಯಾರೋ ಬಹಳ ಬೇಗ ಕರೆದುಕೊಂಡು ಹೋಗಿಬಿಡುತ್ತಾರೆ. ಈ ಕೆಲಸದಲ್ಲಿ ನನಗೆ ಅತಿ ದೊಡ್ಡ ಭಯ ಇದೇ.

ಮಗುವಿನ ಜೊತೆ ಮೊದಲ ಮಾತು ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹುಡುಗನಿಗೆ ಹನ್ನೊಂದು ಇರಬಹುದು. ಮೆಜೆಸ್ಟಿಕ್‌ನ ರೈಲು ನಿಲ್ದಾಣದಲ್ಲಿ ಸಿಕ್ಕಿದ್ದ. ಎರಡು ಪ್ಲೇಟ್ ಚಿತ್ರಾನ್ನ ತಿಂದು ಮುಗಿಸುವವರೆಗೆ ನಾನು ಏನೂ ಕೇಳಲಿಲ್ಲ. ಆಮೇಲೆ ಅವನೇ, "ನಮ್ಮೂರು ಮುಂಬೈರಿ ಅಕ್ಕಾರ, ಅಪ್ಪ ಅವ್ವ ಇಬ್ರೂ ಸತ್ತಾರ್ರಿ" ಅಂದ. ಇಂಥ ಮಾತನ್ನು ನಾವು ಸುಳ್ಳು ಅಂತ ಎತ್ತಿ ಆಡುವುದಿಲ್ಲ. ಮಗುವಿನ ಹತ್ತಿರ ತನ್ನನ್ನು ಕಾಪಾಡಿಕೊಳ್ಳಲು ಅದೊಂದೇ ಇರುತ್ತದೆ. ವಿಳಾಸ ಬಿಟ್ಟು ಊರಿನ ಮಾತಿಗೆ ಹೋದೆ.

"ನಿಮ್ಮೂರ ಸಂತಿ ಯಾವ ವಾರ?"

"ಸ್ವಾಮಾರ್ರಿ."

"ಜಾತ್ರಿಗೆ ತೇರು ಎಳೀತಾರೇನು?"

"ಎಳೀತಾರ್ರಿ! ನಮ್ಮ ಸಾಲಿ ಮುಂದನ ಹೊಕ್ಕೈತ್ರಿ."

"ಅಜ್ಜಿಗೆ ಆರಾಮಿಲ್ಲಂದ್ರ ಯಾವ ಊರ ದವಾಖಾನಿಗೆ ಹೋಗ್ತೀರಿ?"

"ಸಿಂಧನೂರಿಗ್ರಿ."

ಅಜ್ಜಿ ಇದ್ದಾಳೆ ಅನ್ನುವುದೂ ಆ ಉತ್ತರದಲ್ಲೇ ಬಂತು. ಸಂತೆಯ ವಾರ, ತೇರು, ಬಸ್ಸಿಗೆ ಕೊಡುವ ಅರ್ಧ ಟಿಕೆಟ್ಟಿನ ದುಡ್ಡು, ಇಷ್ಟು ಗೊತ್ತಾದರೆ ಆ ಭಾಗದ ಶಿಕ್ಷಕರಿಗೋ ಪಂಚಾಯಿತಿಯವರಿಗೋ ಫೋನ್ ಮಾಡಿ ಊರು ಹುಡುಕಬಹುದು. ಕಷ್ಟ ಇರುವುದು ಊರು ಹುಡುಕುವುದರಲ್ಲಿ ಅಲ್ಲ, ಅವನು ಅಲ್ಲಿಂದ ಯಾಕೆ ಬಂದ ಅನ್ನುವುದರಲ್ಲಿ. ಮೊದಲು ಹೇಳಿದ ಕಾರಣ, ಚಿಕ್ಕಪ್ಪನ ಮೊಬೈಲ್ ಒಡೆದಿದ್ದ, ಹೊಡೆಯುತ್ತಾರೆ ಅಂತ ಹೆದರಿದ್ದ. ಇದು ನಿಜವೇ, ಆದರೆ ಪೂರ್ತಿ ಅಲ್ಲ. ಅಪ್ಪ ಅಮ್ಮ ಬೆಂಗಳೂರಿನಲ್ಲಿ ಎಲ್ಲೋ ಕಟ್ಟಡದ ಕೆಲಸಕ್ಕೆ ಬಂದಿದ್ದರು. ಅಜ್ಜಿ, ಚಿಕ್ಕಪ್ಪನ ಜೊತೆ ಇವನೊಬ್ಬ. ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸಕ್ಕೆ, ಹೋಗಿ ಶಾಲೆ ತಪ್ಪಿತ್ತು. ಮಕ್ಕಳ ಸಣ್ಣ ಬೆರಳು ಹೂವಿಗೆ ಅನುಕೂಲ ಅಂತ ಆ ಕೆಲಸಕ್ಕೆ ಮಕ್ಕಳನ್ನೇ ಕರೆಯುವ ರೂಢಿ ಇದೆ. ವಾಪಸ್ ಶಾಲೆಗೆ ಹೋದಾಗ ಪಾಠ ತಲೆಗೆ ಹತ್ತಲಿಲ್ಲ, ನಾಚಿಕೆ ಆಯಿತು. ಅವನು ರೈಲು ಹತ್ತಿದ್ದು ಅಮ್ಮನನ್ನು ಹುಡುಕಿಕೊಂಡು. ಇದು ಗೊತ್ತಾಗಲು ಹಲವು ದಿನ ಬೇಕಾಯಿತು. ಮೊಬೈಲ್ ಕಥೆ ನಂಬಿ ಚಿಕ್ಕಪ್ಪನಿಗೆ ಬುದ್ಧಿ ಹೇಳಿ ಕಳಿಸಿದ್ದರೆ ಅವನಿಗೆ ಏನು ಸಿಗುತ್ತಿತ್ತು ಹೇಳಿ.

ಈ ಸಮಯವನ್ನು ಕಾನೂನೇ ಕೊಟ್ಟಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ, ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ. ಅಲ್ಲಿಯವರೆಗೆ ಮಗುವನ್ನು ತೆರೆದ ತಂಗುದಾಣದಲ್ಲೋ ಬಾಲಮಂದಿರದಲ್ಲೋ ಇಡಬಹುದು, ಪೊಲೀಸ್ ಠಾಣೆಯಲ್ಲಿ ಅಲ್ಲ. ಆಮೇಲೆ ಸಾಮಾಜಿಕ ತನಿಖಾ ವರದಿಗೆ 15 ದಿನ, ಒಟ್ಟು ವಿಚಾರಣೆಗೆ ನಾಲ್ಕು ತಿಂಗಳ ಅವಕಾಶ ಇದೆ. ಇಷ್ಟೆಲ್ಲ ಇಟ್ಟಿರುವುದು ಕಡತ ದಪ್ಪ ಆಗಲಿ ಅಂತ ಅಲ್ಲ. ಯಾರಾದರೂ ಆ ಮನೆಗೆ ಹೋಗಿ ಕೂತು ಮಾತಾಡಿ ಬರಲಿ ಅಂತ. ಹೋದವರು ಮನೆಯವರನ್ನಷ್ಟೇ ಮಾತಾಡಿಸಿ ಬಂದರೆ ಸಾಲದು. ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮುಖ್ಯ ಶಿಕ್ಷಕರು, ಪಕ್ಕದ ಮನೆಯ ಹೆಂಗಸು, ಇವರು ಹೇಳುವುದನ್ನು ಮನೆಯವರು ಹೇಳುವುದಿಲ್ಲ.

ಕೆಲವು ಮಕ್ಕಳನ್ನು ಮನೆಗೆ ಕಳಿಸಲೇಬಾರದು. ಮನೆಯೊಳಗೇ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಪೋಕ್ಸೊ ಕಾಯ್ದೆಯಡಿ ದೂರು ಕೊಡುವುದು ಕಡ್ಡಾಯ. ಅಲ್ಲಿ ರಾಜಿ ಪಂಚಾಯಿತಿ ಇಲ್ಲ, "ಮನೆ ಮಾನ" ಅನ್ನುವ ಮಾತೂ ಇಲ್ಲ. ಬಾಲ್ಯವಿವಾಹಕ್ಕೆ ಹೆದರಿ ಓಡಿ ಬಂದ ಹುಡುಗಿಯನ್ನು ಅಪ್ಪನ ಮುಚ್ಚಳಿಕೆ ಒಂದನ್ನೇ ನಂಬಿ ಕಳಿಸುವುದನ್ನೂ ನಾನು ಒಪ್ಪುವುದಿಲ್ಲ.

ಬೀದಿಯಲ್ಲಿ ತಿಂಗಳುಗಟ್ಟಲೆ ಇದ್ದ ಮಕ್ಕಳ ವಿಷಯ ಇನ್ನೂ ನಿಧಾನ. ಅವರಿಗೆ ಅಲ್ಲೇ ಒಬ್ಬ ಅಣ್ಣ ಇರುತ್ತಾನೆ, ಗುಂಪು ಇರುತ್ತದೆ, ಸಂಪಾದನೆ ಇರುತ್ತದೆ. ಪಂಕ್ಚರ್ ಹಾಕುವ ಸಲ್ಯೂಷನ್, ವೈಟ್ನರ್ ಎಳೆಯುವ ಚಟವೂ ಸೇರಿಕೊಂಡಿರುತ್ತದೆ. ಬಟ್ಟೆಗೆ ಹಚ್ಚಿ ಮೂಗಿಗೆ ಹಿಡಿದರೆ ಹಸಿವು ಗೊತ್ತಾಗಲ್ಲ, ಚಳಿ ಗೊತ್ತಾಗಲ್ಲ ಅಂತ ಮಕ್ಕಳೇ ಹೇಳುತ್ತಾರೆ. ಇದರಲ್ಲಿರುವ ಟೊಲ್ಯೀನ್‌ನಂಥ ರಾಸಾಯನಿಕ ಮೆದುಳಿಗೂ ಹೃದಯಕ್ಕೂ ಪೆಟ್ಟು ಕೊಡುತ್ತದೆ. ಎಳೆದ ಸ್ವಲ್ಪ ಹೊತ್ತಿನಲ್ಲೇ ಮಗು ಗಾಬರಿಯಾಗಿ ಓಡಿದರೆ ಹೃದಯದ ಬಡಿತ ಏರುಪೇರಾಗಿ ಪ್ರಾಣಕ್ಕೇ ಅಪಾಯ ಆಗಬಹುದು. ಅದಕ್ಕೇ ಕೈಯಲ್ಲಿ ಬಟ್ಟೆ ಹಿಡಿದ ಮಗುವನ್ನು ಕಂಡರೆ ಗದರಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಈ ಮಕ್ಕಳ ಪಕ್ಕ ದಿನಾ ಹೋಗಿ ಕೂರಬೇಕು. ಗಾಯಕ್ಕೆ ಔಷಧಿ ಹಚ್ಚಬೇಕು, ಕೇರಂ ಆಡಬೇಕು. ಒಂದು ದಿನ ಅವರೇ "ಅಕ್ಕ, ಇವತ್ತು ನಿಮ್ಮಲ್ಲಿ ಮಲಗ್ಲಾ?" ಅಂತ ಕೇಳುತ್ತಾರೆ. ಅಲ್ಲಿಂದ ಚಿಕಿತ್ಸೆಯ ಮಾತು ಶುರು ಮಾಡಬಹುದು, ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದವರೆಗೂ ಕರೆದೊಯ್ಯಬಹುದು.

ಇಷ್ಟು ದಿನ ಕಟ್ಟಿದ ಈ ನಂಟನ್ನು ಒಂದೇ ಬೆಳಗ್ಗೆ ಮುರಿಯುವುದು ಗುಂಪಾಗಿ ಹಿಡಿದೊಯ್ಯುವ ಕಾರ್ಯಾಚರಣೆ. ದೊಡ್ಡ ಸಮಾರಂಭಕ್ಕೆ ಮುಂಚೆ ಊರು ಚೆಂದ ಕಾಣಲಿ ಅಂತ ಬೀದಿಯವರನ್ನೆಲ್ಲ ವ್ಯಾನಿಗೆ ತುಂಬುತ್ತಾರೆ. ಸಿಕ್ಕ ಮಕ್ಕಳು ಹೆದರುತ್ತಾರೆ, ತಪ್ಪಿಸಿಕೊಂಡವರು ನಮಗೆ ಗೊತ್ತಿಲ್ಲದ ಜಾಗಕ್ಕೆ ಹೋಗುತ್ತಾರೆ. ನನಗೆ ಇದನ್ನು ರಕ್ಷಣೆ ಅನ್ನಲು ಮನಸ್ಸಾಗುವುದಿಲ್ಲ. ಮಕ್ಕಳನ್ನು ಭಿಕ್ಷೆಗೆ ಹಚ್ಚುವವರನ್ನು ಹಿಡಿಯಿರಿ, ಬೇಡ ಅಂದವರು ಯಾರು? ಅದಕ್ಕೆ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಬಾಲನ್ಯಾಯ ಕಾಯ್ದೆಯಲ್ಲೇ ಇದೆ.

ಸಿಗ್ನಲ್ಲಿನಲ್ಲಿ ಕಂಕುಳಲ್ಲಿ ಮಗು ಇಟ್ಟುಕೊಂಡ ಹೆಂಗಸನ್ನು ಕಂಡ ಕೂಡಲೇ "ಕದ್ದ ಮಗು" ಅಂತ ತೀರ್ಮಾನಿಸುವವರು ಬಹಳ. ಅನುಮಾನ ಬಂದರೆ ತಿಳಿಸಿ, ನೀವೇ ವಿಚಾರಣೆಗೆ ಇಳಿಯಬೇಡಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅನ್ನುವ ಸುಳ್ಳು ಸುದ್ದಿ ನಂಬಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಸಿಗ್ನಲ್ಲಿನ ಎಷ್ಟೋ ಮಕ್ಕಳು ಆ ತಾಯಂದಿರವೇ. ಬಡತನ ಒಂದೇ ಕಾರಣಕ್ಕೆ ಮಗುವನ್ನು ತಾಯಿಯಿಂದ ಬಿಡಿಸಬಾರದು, ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅನ್ನುವುದು ಬಾಲನ್ಯಾಯ ಕಾಯ್ದೆಯ ಮೂಲ ತತ್ವ. ಅವರ ಶಾಲೆಗೆ ದಾಖಲೆ ಇಲ್ಲ ಅನ್ನುವ ನೆಪವೂ ನಿಲ್ಲುವುದಿಲ್ಲ. ಜನನ ಪ್ರಮಾಣಪತ್ರ ಇಲ್ಲ, ಟಿಸಿ ತಡವಾಯಿತು ಅಂತ ದಾಖಲಾತಿ ನಿರಾಕರಿಸುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ವಲಸೆ ಕಾರ್ಮಿಕರ ಮಕ್ಕಳಿಗೆ ಟೆಂಟ್ ಶಾಲೆ ಇರುವುದೂ ಇದಕ್ಕೇ. ನಿಮ್ಮ ಬಡಾವಣೆಯ ಕಟ್ಟಡದ ಶೆಡ್ಡಿನಲ್ಲಿ ಮಕ್ಕಳಿದ್ದರೆ ಹತ್ತಿರದ ಸರ್ಕಾರಿ ಶಾಲೆಯವರಿಗೆ ಒಂದು ಮಾತು ಹೇಳಿ ನೋಡಿ.

ಒಂಟಿ ಮಗು ಕಂಡರೆ 1098ಕ್ಕೆ ಫೋನ್ ಮಾಡಿ. 1996ರಲ್ಲಿ ಮುಂಬೈನಲ್ಲಿ ಶುರುವಾದ ಸಹಾಯವಾಣಿ ಇದು. 2023ರಿಂದ ಸರ್ಕಾರವೇ ನಡೆಸುತ್ತಿದೆ, 112ರ ಜೊತೆ ಜೋಡಿಸಿದೆ. ದಿನದ 24 ಗಂಟೆಯೂ ಉಚಿತ. ಎಲ್ಲಿ, ಯಾವ ಕಂಬದ ಹತ್ತಿರ, ಸುಮಾರು ವಯಸ್ಸು, ಯಾವ ಬಟ್ಟೆ, ಜೊತೆಗೆ ಯಾರಿದ್ದಾರೆ, ಗಾಯ ಇದೆಯಾ, ಇಷ್ಟು ಹೇಳಿದರೆ ಬರುವವರಿಗೆ ಅನುಕೂಲ. ಆಗುವುದಾದರೆ ಅವರು ಬರುವವರೆಗೆ ಅಲ್ಲೇ ಇರಿ, ಮಗುವಿಗೆ ಊಟ ಕೊಡಿಸಿ. ಕರುಣೆ ಉಕ್ಕಿ ಮನೆಗೆ ಮಾತ್ರ ಕರೆದೊಯ್ಯಬೇಡಿ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಇಂಥ ಮಗುವಿನ ಗುರುತು ಬಹಿರಂಗ ಮಾಡುವುದು ಶಿಕ್ಷಾರ್ಹ. ಆಸರೆ ತಪ್ಪಿದ ಮಗು ಸಿಕ್ಕಿ, ಅದನ್ನು ತಮ್ಮ ಬಳಿ ಇಟ್ಟುಕೊಂಡು 24 ಗಂಟೆಯೊಳಗೆ ತಿಳಿಸದೆ ಇರುವುದೂ ಅಪರಾಧವೇ.

ಇನ್ನು ಮನೆಗೆ ಹೋದ ಮೇಲಿನ ಕೆಲಸ. ಇಲ್ಲಿಯೇ ನಾವು ತೀರಾ ಬಡವಾಗಿದ್ದೇವೆ. ಹುಡುಕಿ ಕೊಟ್ಟ ದಿನ ಫೋಟೊಗೆ ಎಲ್ಲರೂ ಇರುತ್ತಾರೆ, ಮೂರು ತಿಂಗಳ ಮೇಲೆ ಆ ಮನೆಯ ಬಾಗಿಲು ತಟ್ಟುವವರು ಇರುವುದಿಲ್ಲ. ಸಿಂಧನೂರಿನ ಕಡೆಯ ಆ ಹುಡುಗನಿಗೆ ಬೇಕಾಗಿದ್ದು ಅಮ್ಮನ ಜೊತೆ ಇರುವುದು. ಅಮ್ಮನನ್ನು ಹುಡುಕಿದೆವು. ಅವರು ಮಗನನ್ನು ಕರೆದುಕೊಂಡು ಊರಿಗೆ ಹೋಗಲು ಒಪ್ಪಿದರು, ಆದರೆ ಕೂಲಿ ಬಿಟ್ಟರೆ ತಿನ್ನುವುದೇನು? ಇದಕ್ಕೆ ಉತ್ತರ ಹುಡುಕದೆ ಮರು ಸೇರ್ಪಡೆ ಆಯಿತು ಅಂತ ಬರೆದು ಕಡತ ಮುಚ್ಚಬಾರದು. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಗಂಡ ತೀರಿಕೊಂಡ ಅಥವಾ ಬಿಟ್ಟುಹೋದ ತಾಯಿಯ ಮಕ್ಕಳು, ಅಪ್ಪ ಅಮ್ಮ ಇಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಕ್ಕಳು, ಹೆತ್ತವರಿಗೆ ಪ್ರಾಣಾಂತಿಕ ಕಾಯಿಲೆ ಇರುವ ಮಕ್ಕಳು ಮುಂತಾದವರಿಗೆ ಇದು ಅನ್ವಯಿಸುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಆ ಹುಡುಗನ ಮನೆಗೆ ಇದು ಸಿಗಲಿಲ್ಲ. ಅಮ್ಮನಿಗೆ ಊರಲ್ಲೇ ಉದ್ಯೋಗ ಖಾತ್ರಿ ಕೆಲಸ ಕೊಡಿಸಲು ಪಂಚಾಯಿತಿಯವರ ಜೊತೆ ಮಾತಾಡಿದೆವು. ಶಾಲೆಯ ಮೇಷ್ಟ್ರು ಸಂಜೆ ಹೊತ್ತು ಅವನಿಗೆ ಓದು ಬರಹ ತಿದ್ದಿಸಲು ಒಪ್ಪಿದರು. ಕ್ರಾಸಿಂಗ್ ಕೆಲಸದ ಹಂಗಾಮು ಬರುವ ಮುಂಚೆ ಒಮ್ಮೆ ಹೋಗಿ ನೋಡಬೇಕು ಅಂತ ಡೈರಿಯಲ್ಲಿ ಬರೆದುಕೊಂಡೆ, ಯಾಕೆಂದರೆ ಅವನು ಮತ್ತೆ ಶಾಲೆ ಬಿಡುವುದಾದರೆ ಆಗಲೇ ಬಿಡುತ್ತಾನೆ.

ಮನೆಗೆ ಹೋಗಲಾಗದ, ಹೋಗಲು ಇಷ್ಟವಿಲ್ಲದ ದೊಡ್ಡ ಹುಡುಗರಿಗೆ ಬೇರೆ ಯೋಚನೆ ಮಾಡಬೇಕು. 18 ತುಂಬಿದ ದಿನ ಬಾಲಮಂದಿರದಿಂದ ಹೊರಗೆ ಬಂದವನು ಅದೇ ನಿಲ್ದಾಣಕ್ಕೆ ಮರಳಬಾರದು ಅಂತಲೇ ಬಾಲನ್ಯಾಯ ಕಾಯ್ದೆಯಲ್ಲಿ 21 ವರ್ಷದವರೆಗೆ ಅನುಪಾಲನೆಯ, ಅಂದರೆ ಹೊರಗೆ ಬಂದ ಮೇಲೂ ನೆರವು ಕೊಡುವ, ಅವಕಾಶ ಇದೆ. ಐಟಿಐ ಸೇರಲು, ಬಾಡಿಗೆ ರೂಮಿಗೆ ಮುಂಗಡ ಕಟ್ಟಲು, ಕೆಲಸ ಹುಡುಕಲು ಇದರ ನೆರವು ಕೇಳಬಹುದು. ಪ್ರಾಯೋಜಕತ್ವವಿರಲಿ, ಅನುಪಾಲನೆಯಿರಲಿ, ಅರ್ಜಿ ಹೋಗಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಪ್ರತಿ ಜಿಲ್ಲೆಯಲ್ಲೂ ಘಟಕ ಇದೆ. ಅರ್ಜಿ ಬರೆಯಲು ಬಾರದ ಅಜ್ಜಿಯೋ ತಾಯಿಯೋ ನಿಮ್ಮ ಓಣಿಯಲ್ಲಿದ್ದರೆ ಅವರ ಪರವಾಗಿ ನೀವೇ ಬರೆದುಕೊಡಿ. ಆದಾಯ ಪ್ರಮಾಣಪತ್ರ, ಮಗುವಿನ ಆಧಾರ್, ಶಾಲೆಯ ದೃಢೀಕರಣ ಪತ್ರ ಸಿದ್ಧ ಮಾಡಿಕೊಂಡು ಹೋದರೆ ಓಡಾಟ ಕಡಿಮೆ ಆಗುತ್ತದೆ.