ಸೋದರಮಾವನ ಮೊಣಕಾಲು

ಮೊಣಕಾಲು ಊದಿಕೊಂಡ ಹುಡುಗನನ್ನು ಎತ್ತಿಕೊಂಡು ಬಂದ ತಾಯಿಯನ್ನು ನಾನು ಮೊದಲು ವಿಚಾರಿಸುವುದು ಆಕೆಯ ಅಣ್ಣತಮ್ಮಂದಿರ ಬಗ್ಗೆ. ಹಾಲುಹಲ್ಲು ಬಿದ್ದಾಗ ರಕ್ತ ನಿಲ್ಲದೆ ಒದ್ದಾಡಿದವರು ಯಾರಾದರೂ ಇದ್ದರೇ ಎಂದರೆ, ಹಿಂದೆ ನಿಂತ ಅಜ್ಜಿ ಬಾಯಿ ಬಿಡುತ್ತಾರೆ: “ನಮ್ಮ ದೊಡ್ಡ ಮಗನಿಗೆ ಹಾಗಾಗುತ್ತಿತ್ತು ಡಾಕ್ಟ್ರೇ, ಈಗಲೂ ಅವನ ಕಾಲು ನೆಟ್ಟಗಾಗೋದಿಲ್ಲ.” ರಕ್ತ ಸರಿಯಾಗಿ ಹೆಪ್ಪುಗಟ್ಟದೆ ಕೀಲಿನೊಳಗೂ ಸೋರುವ ಹಿಮೋಫಿಲಿಯಾ, ಅಂದರೆ ಕುಸುಮ ರೋಗದ ಅನುಮಾನ ಅಲ್ಲಿಗೆ ಅರ್ಧ ಖಚಿತವಾಗುತ್ತದೆ.

ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಮತ್ತು ಫ್ಯಾಕ್ಟರ್ 9 ಎಂಬ ಪ್ರೋಟೀನುಗಳ ವಂಶವಾಹಿಗಳು ಎಕ್ಸ್ ವರ್ಣತಂತುವಿನಲ್ಲಿವೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದರಲ್ಲಿ ದೋಷವಿದ್ದರೂ ಇನ್ನೊಂದು ಸಾಮಾನ್ಯವಾಗಿ ಕೆಲಸ ನಿಭಾಯಿಸುತ್ತದೆ. ಗಂಡಿಗೆ ಇರುವುದು ಒಂದೇ ಎಕ್ಸ್, ಜೊತೆಗಿರುವ ವೈ ವರ್ಣತಂತುವಿನಲ್ಲಿ ಈ ವಂಶವಾಹಿಗಳೇ ಇಲ್ಲ. ಆದ್ದರಿಂದ ವಾಹಕಿ, ಅಂದರೆ ದೋಷವುಳ್ಳ ಒಂದು ಎಕ್ಸ್ ಹೊತ್ತ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ರೋಗ ಬರುವ ಸಂಭವ ಅರ್ಧ, ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಂಭವವೂ ಅರ್ಧ. ಮೊದಲ ಮಗನಿಗೆ ಬಂದಿದೆ, ಇನ್ನು ಎರಡನೆಯವನಿಗೆ ಬರಲಾರದು ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಪ್ರತಿ ಬಸಿರಿಗೂ ಈ ಲೆಕ್ಕ ಹೊಸದಾಗಿಯೇ ಶುರುವಾಗುತ್ತದೆ.

ರೋಗವಿರುವ ಗಂಡಸಿನ ವಿಷಯ ಬೇರೆ. ಮಗನಿಗೆ ಅವನು ಕೊಡುವುದು ವೈ ಮಾತ್ರ, ಹಾಗಾಗಿ ರೋಗ ತಂದೆಯಿಂದ ಮಗನಿಗೆ ದಾಟದು. ಆದರೆ ಅವನ ಹೆಣ್ಣುಮಕ್ಕಳೆಲ್ಲರೂ ವಾಹಕಿಯರೇ. ವಿಕ್ಟೋರಿಯಾ ರಾಣಿಯ ಮಗ ಲಿಯೊಪೋಲ್ಡ್ 1884ರಲ್ಲಿ ಬಿದ್ದು ಪೆಟ್ಟಾಗಿ ತೀರಿಕೊಂಡ, ಅವನ ಮಗಳು ಆಲಿಸ್ ಆರೋಗ್ಯವಾಗಿಯೇ ಬಾಳಿದಳು, ಆಕೆಯ ಮಗ ರೂಪರ್ಟ್ 1928ರಲ್ಲಿ ಕಾರು ಅಪಘಾತದ ಬಳಿಕ ಮಿದುಳಿನ ರಕ್ತಸ್ರಾವದಿಂದ ಸತ್ತ.

ನಮ್ಮಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ಅನೇಕ ಮನೆಗಳಲ್ಲಿ ಇನ್ನೂ ಇದೆ. ಸೋದರಮಾವನಿಗೆ ರೋಗವಿದ್ದು, ಅವನ ಅಕ್ಕನೂ ಅವಳ ಮಗಳೂ ವಾಹಕಿಯರಾಗಿದ್ದರೆ, ಆ ಮದುವೆಯಲ್ಲಿ ಹುಟ್ಟುವ ಹೆಣ್ಣುಮಗುವಿಗೆ ತಂದೆಯಿಂದ ದೋಷವುಳ್ಳ ಎಕ್ಸ್ ಬಂದೇ ಬರುತ್ತದೆ, ತಾಯಿಯಿಂದಲೂ ಬರುವ ಸಂಭವ ಅರ್ಧ. ಹೆಣ್ಣುಮಕ್ಕಳಿಗೆ ಈ ರೋಗ ಬರುವುದೇ ಇಲ್ಲ ಎಂಬ ಮಾತನ್ನು ನಾನು ಒಪ್ಪದಿರಲು ಇದೊಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಸಾಮಾನ್ಯವಾದದ್ದು: 1961ರಲ್ಲಿ ತಳಿವಿಜ್ಞಾನಿ ಮೇರಿ ಲಯನ್ ಸೂಚಿಸಿದಂತೆ, ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎರಡರಲ್ಲೊಂದು ಎಕ್ಸ್ ಬಹುಮಟ್ಟಿಗೆ ಮೌನವಾಗುತ್ತದೆ, ಯಾವುದು ಎಂಬುದು ಆಕಸ್ಮಿಕ. ಒಳ್ಳೆಯ ಎಕ್ಸ್ ಹೆಚ್ಚು ಕೋಶಗಳಲ್ಲಿ ಮೌನವಾದ ವಾಹಕಿಗೆ ಮುಟ್ಟಿನ ರಕ್ತಸ್ರಾವ ವಿಪರೀತವಾಗಿರಬಹುದು, ಹಲ್ಲು ಕೀಳಿಸಿದರೆ ರಕ್ತ ಬೇಗ ನಿಲ್ಲದಿರಬಹುದು. ಅದನ್ನು ‘ಹೆಂಗಸರಿಗೆ ಇದೆಲ್ಲ ಇದ್ದದ್ದೇ’ ಎಂದು ತಳ್ಳಿಹಾಕುವ ವೈದ್ಯರ ಮೇಲೆ ನನಗೆ ಸಿಟ್ಟಿದೆ.

“ನಿಮ್ಮ ಮನೆತನದ ಕಾಯಿಲೆ” ಎಂದು ಸೊಸೆಯತ್ತ ಬೆರಳು ತೋರಿಸುವ ಅತ್ತೆಯರಿಗೆ ಒಂದು ಸಂಗತಿ ತಿಳಿದಿರಬೇಕು. ಸುಮಾರು ಮೂರನೇ ಒಂದು ಭಾಗದಷ್ಟು ಪ್ರಕರಣಗಳಲ್ಲಿ ವಂಶದ ಯಾರಲ್ಲೂ ರೋಗದ ಸುಳಿವಿರುವುದಿಲ್ಲ, ವಂಶವಾಹಿಯಲ್ಲಿ ಹೊಸದಾಗಿ ಬದಲಾವಣೆ ಆಗಿರುತ್ತದೆ.

ಮೇಲೆ ಹೇಳಿದಂಥ ಮನೆಯಲ್ಲಿ ಮಗನಿಗೂ ಅಣ್ಣನಿಗೂ ರೋಗವಿರುವುದರಿಂದ ತಾಯಿ ವಾಹಕಿ ಎಂಬುದರಲ್ಲಿ ಸಂಶಯವಿಲ್ಲ. ನನ್ನ ಮುಂದಿನ ಪ್ರಶ್ನೆ ಆಕೆಯ ತಂಗಿಯ ಬಗ್ಗೆ. ಆಕೆ ಈಗ ಐದು ತಿಂಗಳ ಬಸುರಿ ಎಂದರೆ ಕೆಲಸ ತುರ್ತಾಗುತ್ತದೆ. ಬಸಿರಿನಲ್ಲಿ ಫ್ಯಾಕ್ಟರ್ 8ರ ಮಟ್ಟ ತಾನಾಗಿ ಏರುವುದರಿಂದ ಆ ಪರೀಕ್ಷೆಯೊಂದನ್ನೇ ನಂಬಿ ವಾಹಕಿಯಲ್ಲ ಎನ್ನಲಾಗದು, ವಂಶವಾಹಿಯನ್ನೇ ಪರೀಕ್ಷಿಸಬೇಕು. ಹೆರಿಗೆ ಮಾಡಿಸುವವರಿಗೆ ನಾನು ಬರೆದುಕೊಡುವ ಚೀಟಿಯಲ್ಲಿ ಮೂರೇ ಸಾಲು: ಮಗುವನ್ನು ಹೊರಗೆಳೆಯಲು ತಲೆಗೆ ವ್ಯಾಕ್ಯೂಮ್ ಹಾಕಬೇಡಿ, ಹೊಕ್ಕುಳಬಳ್ಳಿಯ ರಕ್ತವನ್ನು ಫ್ಯಾಕ್ಟರ್ ಪರೀಕ್ಷೆಗೆ ಕಳುಹಿಸಿ, ವರದಿ ಬರುವವರೆಗೆ ಮಗುವಿನ ತೊಡೆಗೆ ಸೂಜಿ ಚುಚ್ಚಬೇಡಿ.