ವೈಡ್ ಲೆನ್ಸ್ ಕೊಳ್ಳುವ ಮೊದಲು ಅಡಿ ಅಳೆಯಿರಿ

ನಮ್ಮ ಮನೆಯ ಅಡುಗೆಕೋಣೆ ಚಿಕ್ಕದು. ಬಾಗಿಲಿನಿಂದ ಅವ್ವ ಕೂತು ರೊಟ್ಟಿ ಬಡಿಯುವ ಜಾಗಕ್ಕೆ ಐದೇ ಅಡಿ. ನನ್ನ ಬಳಿ ಮೊದಲು ಇದ್ದದ್ದು 50 ಎಂಎಂ ಲೆನ್ಸ್ ಒಂದೇ. ಮುಖ ಬಂದರೆ ಕೈ ಬರುತ್ತಿರಲಿಲ್ಲ, ಕೈ ಬಂದರೆ ಹಂಚು ಬರುತ್ತಿರಲಿಲ್ಲ. ಹಿಂದೆ ಸರಿದರೆ ಬಾಗಿಲ ಚೌಕಟ್ಟು ಅಡ್ಡ. ವೈಡ್ ಲೆನ್ಸ್, ಅಂದರೆ ಹೆಚ್ಚು ಅಗಲದ ನೋಟ ಹಿಡಿಯುವ ಲೆನ್ಸ್ ಬೇಕು ಅಂತ ನನಗೆ ಮೊದಲು ಅನ್ನಿಸಿದ್ದು ಅಲ್ಲಿ, ಗೋಳಗುಮ್ಮಟದ ಮುಂದೆ ಅಲ್ಲ.

ವಿಜಯಪುರದಲ್ಲಿ ಕ್ಯಾಮೆರಾ ಹಿಡಿದವರು ವೈಡ್ ಲೆನ್ಸ್ ಎಂದ ಕೂಡಲೇ ಗುಮ್ಮಟದ ಮಾತು ತೆಗೆಯುತ್ತಾರೆ. ಗುಮ್ಮಟ ದೊಡ್ಡದು, ಅದಕ್ಕೆ ಅಗಲದ ಲೆನ್ಸ್ ಬೇಕು ಎಂಬ ಲೆಕ್ಕ. ಆದರೆ ಗುಮ್ಮಟದ ಫೋಟೋ ವರ್ಷಕ್ಕೆ ನಾಲ್ಕು ಸಲ ತೆಗೆಯುತ್ತೇವೆ. ಮನೆ, ಓಣಿ, ಸಂತೆ ದಿನಾ ಇರುತ್ತವೆ. ದಿನದ ಫೋಟೋಕ್ಕೆ ಲೆನ್ಸ್ ಆರಿಸುವುದು ಹೇಗೆ ಎಂದು ನಾನು ಕಲಿತಷ್ಟನ್ನು, ನನ್ನ ಹಾಗೆ ಕಲಿಯುತ್ತಿರುವವರಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ. ಇದೊಂದು ಗೊತ್ತಾದರೆ ಉಳಿದದ್ದು ಸಲೀಸು. ಸೆನ್ಸರ್‌ನ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಭಾಗ) ಅಗಲವನ್ನು ಫೋಕಲ್ ಲೆಂತ್‌ನಿಂದ (ಲೆನ್ಸ್ ಮೇಲೆ ಬರೆದಿರುವ ಎಂಎಂ ಸಂಖ್ಯೆ) ಭಾಗಿಸಿ. ಬಂದದ್ದನ್ನು ನೀವು ನಿಂತ ದೂರದಿಂದ ಗುಣಿಸಿ. ಅಷ್ಟು ಅಗಲದ ಜಾಗ ಫೋಟೋದಲ್ಲಿ ಬರುತ್ತದೆ. ಫುಲ್ ಫ್ರೇಮ್ ಎನ್ನುವ ದೊಡ್ಡ ಸೆನ್ಸರ್ ಅಗಲ 36 ಎಂಎಂ. ನಿಕಾನ್, ಸೋನಿ, ಫ್ಯೂಜಿ ಕಂಪನಿಗಳ ಕ್ರಾಪ್ ಎನ್ನುವ ಚಿಕ್ಕ ಸೆನ್ಸರ್ ಸುಮಾರು 23.5, ಕ್ಯಾನನ್‌ನದು ಸುಮಾರು 22.3. ನನ್ನದು ಕ್ಯಾನನ್ ಕ್ರಾಪ್. ಅಡುಗೆಕೋಣೆಯ ಐದು ಅಡಿಗೆ ಲೆಕ್ಕ ಹಾಕಿದೆ. 50 ಎಂಎಂ ಲೆನ್ಸ್‌ಗೆ ಬರುವ ಅಗಲ ಎರಡೂಕಾಲು ಅಡಿ. 24ಕ್ಕೆ ನಾಲ್ಕೂವರೆ ಅಡಿಗಿಂತ ಚೂರು ಜಾಸ್ತಿ. 18ಕ್ಕೆ ಆರು ಅಡಿ. 10ಕ್ಕೆ ಹನ್ನೊಂದು ಅಡಿ, ಅಂದರೆ ಒಲೆಯ ಜೊತೆ ಗ್ಯಾಸ್ ಸಿಲಿಂಡರ್, ನೀರಿನ ಕೊಡ, ಬಾಗಿಲ ಹಿಂದಿನ ಕಸಬರಿಗೆ ಎಲ್ಲ ಬರುತ್ತವೆ.

ನೀವೂ ಅಳತೆ ಟೇಪ್ ತಗೊಂಡು ನಿಮ್ಮ ಮನೆಯಲ್ಲಿ ಇದನ್ನೇ ಮಾಡಿ. ದಿನಾ ಎಲ್ಲಿ ನಿಂತು ಫೋಟೋ ತೆಗೆಯುತ್ತೀರಿ, ಎದುರಿಗೆ ಎಷ್ಟು ಅಗಲ ಬೇಕು, ಎರಡೂ ಬರೆದುಕೊಳ್ಳಿ. ಅಂಗಡಿಯವರ ಮಾತಿಗಿಂತ ಆ ಚೀಟಿಯನ್ನು ನಾನು ಜಾಸ್ತಿ ನಂಬುತ್ತೇನೆ.

ಲೆನ್ಸ್ ಹೆಸರಿನ ಬಗ್ಗೆ ಒಂದು ಗೊಂದಲ ಇದೆ. ಕ್ರಾಪ್ ಕ್ಯಾಮೆರಾದಲ್ಲಿ ಅದೇ ಲೆನ್ಸ್ ಕಡಿಮೆ ಅಗಲ ನೋಡುತ್ತದೆ. ಹೋಲಿಸಲು ಫೋಕಲ್ ಲೆಂತನ್ನು 1.5ರಿಂದ ಗುಣಿಸುತ್ತೇವೆ, ಕ್ಯಾನನ್ ಆದರೆ 1.6ರಿಂದ. ಹಾಗಾಗಿ ನನ್ನ ಕ್ಯಾಮೆರಾದ 18 ಎಂಎಂ ಫುಲ್ ಫ್ರೇಮ್‌ನ 29ಕ್ಕೆ ಸಮ, 24 ಎಂಎಂ ಸುಮಾರು 38ಕ್ಕೆ ಸಮ. ಈಗಿನ ಹೆಚ್ಚಿನ ಫೋನ್‌ಗಳ ಮುಖ್ಯ ಕ್ಯಾಮೆರಾ ಫುಲ್ ಫ್ರೇಮ್‌ನ ಸುಮಾರು 24ರಿಂದ 26ಕ್ಕೆ ಸಮ. ಅಂದರೆ ನಮ್ಮ ಕಣ್ಣು ಫೋನ್‌ನಿಂದಾಗಿ ವೈಡ್ ನೋಟಕ್ಕೆ ಆಗಲೇ ಒಗ್ಗಿದೆ. ಫೋನ್ ಫೋಟೋ ನೋಡಿದಾಗ ನಿಮಗೆ ‘ಇನ್ನೂ ಜಾಸ್ತಿ ಬರಬೇಕಿತ್ತು’ ಅನ್ನಿಸುತ್ತದೆಯೋ, ‘ಇನ್ನೂ ಹತ್ತಿರ ಬೇಕಿತ್ತು’ ಅನ್ನಿಸುತ್ತದೆಯೋ? ಆ ಉತ್ತರದಲ್ಲೇ ಅರ್ಧ ನಿರ್ಧಾರ ಮುಗಿಯುತ್ತದೆ.

ಈಗ ನಾನು ಬಹಳ ದಿನ ತಪ್ಪಾಗಿ ತಿಳಿದಿದ್ದ ವಿಷಯ. ವೈಡ್ ಲೆನ್ಸ್ ಮುಖವನ್ನು ಕೆಡಿಸುತ್ತದೆ ಎನ್ನುತ್ತಾರಲ್ವಾ? ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ.

ಒಂದು ದೂರದ್ದು. ಮೂಗಿಗೂ ಕಿವಿಗೂ ನಡುವೆ ಸುಮಾರು 12 ಸೆಂಟಿಮೀಟರ್ ಅಂತರ ಅಂದುಕೊಳ್ಳಿ. ಮೂಗಿನಿಂದ 40 ಸೆಂಟಿಮೀಟರ್ ದೂರದಲ್ಲಿ ಕ್ಯಾಮೆರಾ ಇದ್ದರೆ ಕಿವಿ 52ರಲ್ಲಿ ಇರುತ್ತದೆ. ಮೂಗಿಗೆ ಹೋಲಿಸಿದರೆ ಕಿವಿ ಕಾಲು ಭಾಗದಷ್ಟು ಕುಗ್ಗಿ ಕಾಣುತ್ತದೆ. ಒಂದೂವರೆ ಮೀಟರ್ ಹಿಂದೆ ನಿಂತರೆ ಆ ವ್ಯತ್ಯಾಸ ನೂರಕ್ಕೆ ಏಳೆಂಟು ಮಾತ್ರ. ಇದು ಲೆನ್ಸ್ ಮಾಡಿದ ಕೆಲಸ ಅಲ್ಲ, ನಾವು ನಿಂತ ಜಾಗ ಮಾಡಿದ್ದು. ವೈಡ್ ಲೆನ್ಸ್ ಹಾಕಿದಾಗ ಮುಖ ಚಿಕ್ಕದಾಗಿ ಕಾಣುತ್ತದೆ, ನಾವು ಗೊತ್ತಿಲ್ಲದೆ ಹತ್ತಿರ ಹೋಗುತ್ತೇವೆ. ಆಮೇಲೆ ಲೆನ್ಸ್ ಮೇಲೆ ತಪ್ಪು ಹೊರಿಸುತ್ತೇವೆ. ನಾನು ಹಾಗೆ ಮುಂದೆ ಮುಂದೆ ಹೋದಾಗ ಅವ್ವ ಅಂದದ್ದು: “ಇಷ್ಟ್ ಸನೇಕ ಯಾಕ ಬರ್ತಿ? ಅಲ್ಲೇ ನಿಂದ್ರು.” ಅಲ್ಲೇ ನಿಂತು ತೆಗೆದ ಫೋಟೋಗಳೇ ಚೆನ್ನಾಗಿ ಬಂದಿವೆ.

ಇನ್ನೊಂದು ಅಂಚಿನದು. ಇದು ನಿಜವಾಗಿಯೂ ಅಗಲದ ನೋಟಕ್ಕೆ ಅಂಟಿಕೊಂಡ ಗುಣ. ಗೋಡೆ, ಕಂಬಗಳ ಗೆರೆ ನೇರವಾಗಿಯೇ ಉಳಿಯಬೇಕು ಎಂದರೆ ಲೆನ್ಸ್ ಅಂಚಿನ ವಸ್ತುಗಳನ್ನು ಹೊರಗೆ ಎಳೆಯಲೇಬೇಕು. ಅಕ್ಕನ ಮಗನ ತೊಟ್ಟಿಲ ಕಾರ್ಯಕ್ಕೆ ಗೆಳೆಯನಿಂದ 10-18 ಎಂಎಂ ಲೆನ್ಸ್ ಇಸಿದುಕೊಂಡಿದ್ದೆ. ಪಡಸಾಲೆಯಲ್ಲಿ ಹದಿನಾರು ಜನ ಸಾಲಾಗಿ ನಿಂತರು. 10 ಎಂಎಂನಲ್ಲಿ ಎಲ್ಲರೂ ಬಂದರು, ನನಗೆ ಬಹಳ ಖುಷಿ. ಕಂಪ್ಯೂಟರ್‌ನಲ್ಲಿ ನೋಡಿದರೆ ಎಡಗಡೆ ಕೊನೆಯಲ್ಲಿದ್ದ ದೊಡ್ಡವ್ವನ ಮುಖ ಅಡ್ಡಕ್ಕೆ ಹಿಗ್ಗಿತ್ತು. ಆ ಫೋಟೋವನ್ನು ಆಕೆಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಲೆಕ್ಕ ಹಾಕಿದರೆ ಕ್ಯಾನನ್ ಕ್ರಾಪ್‌ನ 10 ಎಂಎಂನಲ್ಲಿ ಬಲ ಎಡ ಅಂಚಿನ ತಲೆ ಸುಮಾರು ಒಂದೂವರೆ ಪಟ್ಟು ಅಗಲವಾಗುತ್ತದೆ. 18ರಲ್ಲಿ 1.18 ಪಟ್ಟು. 24ರಲ್ಲಿ 1.1, ಅದು ಕಣ್ಣಿಗೆ ಬೀಳುವುದೇ ಕಷ್ಟ. ಸಾಲು ಉದ್ದ ಇದ್ದಾಗ ಎರಡು ಸಾಲು ಮಾಡಿ, ಮಕ್ಕಳನ್ನು ಮುಂದೆ ಕೂರಿಸಿ, ನೀವು ಅಂಗಳಕ್ಕೆ ಇಳಿದು 24ರಲ್ಲಿ ತೆಗೆಯಿರಿ. ಅಂಚಿನಲ್ಲಿ ತೊಟ್ಟಿಲೋ ಕಂಬವೋ ಬರಲಿ, ಮುಖ ಬೇಡ.

ಇನ್ನು ಗುಮ್ಮಟ. ಮೊಹಮ್ಮದ್ ಆದಿಲ್ ಶಾಹನ ಈ ಸಮಾಧಿ 1656ರಲ್ಲಿ ಮುಗಿದದ್ದು. ಎತ್ತರ ಸುಮಾರು 51 ಮೀಟರ್. ಕ್ಯಾಮೆರಾ ಮೇಲಕ್ಕೆ ಎತ್ತಿದ ಕೂಡಲೇ ನಾಲ್ಕು ಮೂಲೆಯ ಗೋಪುರಗಳು ಒಳಕ್ಕೆ ವಾಲುತ್ತವೆ. ವಾಲಬಾರದು ಎಂದರೆ ಕ್ಯಾಮೆರಾ ನೆಟ್ಟಗೆ ಇರಬೇಕು. ಆಗ ಚಿತ್ರದ ಮೇಲಿನ ಅರ್ಧ ಮಾತ್ರ ಕಟ್ಟಡಕ್ಕೆ ಸಿಗುತ್ತದೆ, ಕೆಳಗಿನ ಅರ್ಧ ಬರೀ ನೆಲ. ನನ್ನ ಕ್ಯಾಮೆರಾವನ್ನು ಚಿತ್ರದ ಉದ್ದ ಬದಿ ನಿಲ್ಲುವಂತೆ ತಿರುಗಿಸಿ ಹಿಡಿದರೆ 18 ಎಂಎಂಗೆ ಸುಮಾರು 80 ಮೀಟರ್ ಹಿಂದೆ ನಿಲ್ಲಬೇಕು. 10 ಎಂಎಂ ಇದ್ದರೆ 45 ಮೀಟರ್ ಸಾಕು. ಗುಮ್ಮಟದ ಮುಂದೆಯೇ ಮ್ಯೂಸಿಯಂ ಆಗಿರುವ ನಗಾರಖಾನೆ ಇದೆ, ಅದನ್ನು ತಪ್ಪಿಸಿ ಹತ್ತಿರದಿಂದ ಪೂರ್ತಿ ಕಟ್ಟಡ ಬೇಕು ಎನ್ನುವವರಿಗೆ 10 ಎಂಎಂ ಖಂಡಿತ ಕೆಲಸಕ್ಕೆ ಬರುತ್ತದೆ. ಇಬ್ರಾಹಿಂ ರೋಜಾದ ಕಂಬಸಾಲಿನಲ್ಲೂ ಅಷ್ಟೇ. ಕಟ್ಟಡಗಳೇ ನಿಮ್ಮ ಪ್ರೀತಿ ಆಗಿದ್ದರೆ ಅದನ್ನೇ ತಗೊಳ್ಳಿ.

ಆದರೆ ಗುಮ್ಮಟದ ಎದುರು ನಿಂತ ಟಾಂಗಾ ಬೇಕು, ಹಿಂದೆ ಗುಮ್ಮಟವೂ ದೊಡ್ಡದಾಗಿ ಕಾಣಬೇಕು ಎಂದರೆ? ಇಲ್ಲಿ ವೈಡ್ ಲೆನ್ಸ್ ಕೈಕೊಡುತ್ತದೆ. 18 ಎಂಎಂನಲ್ಲಿ ಟಾಂಗಾದಿಂದ ಮೂರು ಮೀಟರ್‌ನಲ್ಲಿ ನಿಂತರೆ ಟಾಂಗಾ ತುಂಬಿಕೊಳ್ಳುತ್ತದೆ, ಗುಮ್ಮಟ ಹಿಂದೆ ಪುಟ್ಟದಾಗಿ ಕೂರುತ್ತದೆ. 36 ಎಂಎಂ ಮಾಡಿ ಆರು ಮೀಟರ್‌ಗೆ ಸರಿಯಿರಿ. ಟಾಂಗಾ ಮೊದಲಿನಷ್ಟೇ ಇರುತ್ತದೆ, ಗುಮ್ಮಟ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು ಬೆಳೆಯುತ್ತದೆ. ಇದನ್ನು ಓದಿ ಬಿಡಬೇಡಿ, ಒಂದು ಬೆಳಗ್ಗೆ ಹೋಗಿ ಮಾಡಿ ನೋಡಿ. ನನಗೆ ಫೋಕಲ್ ಲೆಂತ್ ಅರ್ಥವಾದದ್ದು ಆ ಎರಡು ಫೋಟೋ ಪಕ್ಕಪಕ್ಕ ಇಟ್ಟ ದಿನ.

ಬೆಳಕಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟು ಲೆನ್ಸ್ ಒಳಗೆ ಬರುವ ಬೆಳಕು ಜಾಸ್ತಿ. ಎಫ್/1.8 ಲೆನ್ಸ್ ಎಫ್/3.5ಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ತರುತ್ತದೆ. ಸಂಜೆ ಟ್ಯೂಬ್‌ಲೈಟ್‌ನಲ್ಲಿ ಇದು ದೊಡ್ಡ ಉಪಕಾರ. ವೈಡ್ ಲೆನ್ಸ್‌ನಲ್ಲಿ ಕೈ ನಡುಕ ಕಡಿಮೆ ಕಾಣುತ್ತದೆ, 18 ಎಂಎಂನಲ್ಲಿ ಸೆಕೆಂಡಿನ 1/30ರಲ್ಲೂ ಗೋಡೆ ಸ್ಪಷ್ಟವಾಗಿ ಬರುತ್ತದೆ. ರೊಟ್ಟಿ ಬಡಿಯುವ ಕೈ ಬರುವುದಿಲ್ಲ. ಅದಕ್ಕೆ 1/250 ಆದರೂ ಬೇಕು. ಹಗಲಲ್ಲಿ ಗಾಂಧಿ ಚೌಕದಂಥ ಜಾಗದಲ್ಲಿ ಇದರ ಚಿಂತೆಯೇ ಇಲ್ಲ. ಕ್ರಾಪ್ ಕ್ಯಾಮೆರಾದಲ್ಲಿ 18 ಎಂಎಂ, ಎಫ್/8 ಇಟ್ಟು ಎರಡು ಮೀಟರ್‌ಗೆ ಫೋಕಸ್ ಮಾಡಿಬಿಟ್ಟರೆ ಒಂದು ಮೀಟರ್‌ನಿಂದ ಆಚೆಗೆ ಹೆಚ್ಚುಕಡಿಮೆ ಎಲ್ಲ ಸ್ಪಷ್ಟ. ಆಮೇಲೆ ಸುಮ್ನೆ ನೋಡುತ್ತಾ ಒತ್ತುತ್ತಾ ಹೋಗಬಹುದು.

ಬೇಸಿಗೆಯಲ್ಲಿ ನಮ್ಮ ಕಡೆ ಧೂಳು ಗೊತ್ತಲ್ಲ, ರಸ್ತೆಯಲ್ಲಿ ನಿಂತು ಲೆನ್ಸ್ ಬದಲಿಸಬೇಡಿ. ಮುಂದಿನ ಗಾಜು ಉಬ್ಬಿರುವ ಕೆಲವು ಅತಿ ವೈಡ್ ಲೆನ್ಸ್‌ಗಳಿಗೆ ತಿರುಗಿಸಿ ಹಾಕುವ ಫಿಲ್ಟರ್ ಕೂರುವುದಿಲ್ಲ, ಕೊಳ್ಳುವ ಮೊದಲು ನೋಡಿಕೊಳ್ಳಿ.

ಹಾಗಾದರೆ ಯಾವುದು? ಫುಲ್ ಫ್ರೇಮ್ ಇದ್ದವರಿಗೆ ದಿನದ ಬಳಕೆಗೆ 28 ಅಥವಾ 35 ಎಂಎಂ ಎಂಬುದು ನನ್ನ ಅಭಿಪ್ರಾಯ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ರಾಪ್ ಇದ್ದವರಿಗೆ 16ರಿಂದ 23ರ ನಡುವೆ ಒಳ್ಳೆಯ ಪ್ರೈಮ್‌ಗಳಿವೆ, ಅಂದರೆ ಝೂಮ್ ಇಲ್ಲದ ಲೆನ್ಸ್‌ಗಳು. ನನ್ನಂತೆ ಕ್ರಾಪ್ ಡಿಎಸ್‌ಎಲ್‌ಆರ್ (ಕನ್ನಡಿ ಇರುವ ಕ್ಯಾಮೆರಾ) ಇದ್ದವರಿಗೆ ಹಗುರವಾದ ವೈಡ್ ಪ್ರೈಮ್ ಸಿಗುವುದು ಕಡಿಮೆ. ಹಾಗಾಗಿ ಹೊಸ ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಒಂದು ವಾರ ಝೂಮ್ ರಿಂಗ್‌ಗೆ ಟೇಪ್ ಹಚ್ಚಿ 18ರಲ್ಲೇ ತೆಗೆದೆ, ಇನ್ನೊಂದು ವಾರ 24ರಲ್ಲಿ. ಅಡುಗೆಕೋಣೆಯಲ್ಲಿ 18 ಗೆದ್ದಿತು. ಉಳಿದ ಕಡೆ 24ರ ಫೋಟೋಗಳನ್ನೇ ನಾನು ಹೆಚ್ಚು ಉಳಿಸಿಕೊಂಡಿದ್ದೆ. ಕ್ಯಾನನ್ ಕ್ರಾಪ್ ಕ್ಯಾಮೆರಾಗಳಿಗಾಗಿ ಮಾಡಿದ 24 ಎಂಎಂ ಎಫ್/2.8 ಬರೀ 125 ಗ್ರಾಂ ತೂಕದ್ದು, ಈಗ ಅದಕ್ಕೆ ದುಡ್ಡು ಕೂಡಿಸುತ್ತಿದ್ದೇನೆ. 18-55 ಮಾರುವುದಿಲ್ಲ. ಅವ್ವ ಒಲೆ ಮುಂದೆ ಕೂತಾಗ ಅದೇ ಬೇಕು.