ಒಣ ಟೋಫುವಿನ 50 ಗ್ರಾಂ ಪ್ರೋಟೀನ್: ಅಂಕಿ ಓದುವುದು ಹೇಗೆ?

ಜಪಾನಿನ ಅಧಿಕೃತ ಆಹಾರ ಕೋಷ್ಟಕದಲ್ಲಿ ಒಣ ಟೋಫುವಿನ (ಸೋಯಾ ಹಾಲು ಒಡೆಸಿ ಮಾಡುವ, ಪನೀರಿನಂಥ ಟೋಫುವನ್ನು ಒಣಗಿಸಿದ್ದು) ಸಾಲಿಗೆ ಬಂದಾಗ ಯಾರಾದರೂ ಒಂದು ಕ್ಷಣ ನಿಲ್ಲುತ್ತಾರೆ. 100 ಗ್ರಾಂಗೆ 50.5 ಗ್ರಾಂ ಪ್ರೋಟೀನ್! ನಮ್ಮ ತೊಗರಿಬೇಳೆಯಲ್ಲಿ ಇರುವುದು ಸುಮಾರು 22 ಗ್ರಾಂ. ಪನೀರಿನಲ್ಲಿ 19ರ ಆಸುಪಾಸು. ಹಾಗಾದರೆ ಇದು ಪನೀರಿಗಿಂತ ಎರಡೂವರೆ ಪಟ್ಟು ಒಳ್ಳೆಯದು ಅಂತ ಬರೆದುಬಿಡಬಹುದಾ?

ಬೇಡ. ಅಂಕಿ ಸರಿಯಾಗಿಯೇ ಇದೆ. ಆದರೆ ಅದು ಯಾರೂ ತಿನ್ನದ ರೂಪದ ಅಂಕಿ. ಒಣ ಟೋಫುವನ್ನು ಹಾಗೇ ಕಡಿದು ತಿನ್ನುವವರಿಲ್ಲ. ನೆನೆಸಿ, ಬೇಯಿಸಿ ತಿನ್ನುತ್ತಾರೆ. ಈ ಟಿಪ್ಪಣಿಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಒಂದೇ: ಒಣಗಿಸಿದಾಗ ಯಾವುದು ಹೆಚ್ಚಾಗುತ್ತೆ, ಯಾವುದು ತೊಳೆದುಹೋಗುತ್ತೆ, ಯಾವುದು ಹೊಸದಾಗಿ ಸೇರುತ್ತೆ.

ಯಾವ ಒಣ ಟೋಫು?

ಇದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಯಾಕಂದರೆ ಗೊಂದಲ ಆಗುವುದೇ ಇಲ್ಲಿ. ಚೀನಾದಲ್ಲಿ ದೌಗಾನ್ ಅಂತ ಒಂದಿದೆ. ಇಂಗ್ಲಿಷಿನಲ್ಲಿ ಅದನ್ನೂ ಒಣ ಟೋಫು ಅಂತಲೇ ಕರೆಯುವುದುಂಟು. ನಿಜವಾಗಿ ಅದು ಒಣಗಿಸಿದ್ದಲ್ಲ, ಭಾರ ಹೇರಿ ನೀರು ಹಿಂಡಿದ್ದು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತೆ. ಪ್ರೋಟೀನ್ 100 ಗ್ರಾಂಗೆ ಸುಮಾರು 16 ಗ್ರಾಂ.

ನಾವು ಇಲ್ಲಿ ನೋಡುತ್ತಿರುವುದು ಜಪಾನಿನ ಕೋಯಾ-ದೋಫು. ಕೋರಿ-ದೋಫು ಅಂತಲೂ ಹೇಳುತ್ತಾರೆ. ವಾಕಾಯಾಮಾ ಪ್ರಾಂತ್ಯದ ಕೋಯಾ ಬೆಟ್ಟ ಬೌದ್ಧರ ಶಿಂಗೋನ್ ಪಂಥದ ದೊಡ್ಡ ಕೇಂದ್ರ. ಕೂಕಾಯ್ ಎಂಬ ಗುರುವಿಗೆ 816ರಲ್ಲಿ ಆ ಜಾಗ ಸಿಕ್ಕಿತು. ಚಳಿಗಾಲದ ರಾತ್ರಿ ಹೊರಗೆ ಬಿಟ್ಟ ಟೋಫು ಹೆಪ್ಪುಗಟ್ಟಿತು, ಅದನ್ನು ಬಿಸಾಡದೆ ಕರಗಿಸಿ ಬೇಯಿಸಿ ತಿಂದರು ಅಂತ ಅಲ್ಲಿ ಕಥೆ ಹೇಳುತ್ತಾರೆ. ಮಾಂಸ ಮುಟ್ಟದ ಮಠದ ಅಡುಗೆಗೆ ಇದು ಚೆನ್ನಾಗಿ ಒಗ್ಗಿತು. ಈಗ ಜಪಾನಿನಲ್ಲಿ ತಯಾರಾಗುವ ಕೋಯಾ-ದೋಫುವಿನ ಬಹುಪಾಲು ನಾಗಾನೊ ಪ್ರಾಂತ್ಯದ ಕಾರ್ಖಾನೆಗಳದ್ದು. ಅದೇ ಪ್ರಾಂತ್ಯದ ಚಿನೊ ಊರಿನ ಕಡೆ ಇವತ್ತಿಗೂ ಚಳಿಗಾಲದಲ್ಲಿ ಟೋಫುವನ್ನು ಬಯಲಲ್ಲೇ ಹೆಪ್ಪುಗಟ್ಟಿಸಿ, ಹುಲ್ಲಿನಲ್ಲಿ ಕಟ್ಟಿ ನೇತುಹಾಕಿ ಒಣಗಿಸುವವರಿದ್ದಾರೆ.

ಕಾರ್ಖಾನೆಯ ಕ್ರಮ ಹೀಗೆ. ಗಟ್ಟಿ ಟೋಫು ಮಾಡಿ ಜೋರು ಚಳಿಯಲ್ಲಿ ಬೇಗ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಸುಮಾರು ಮೂರು ವಾರ ಸುಮ್ನೆ ಬಿಡುತ್ತಾರೆ. ಈ ಕಾಯುವಿಕೆಯೇ ಮುಖ್ಯ. ನೀರು ಮಂಜಿನ ಹರಳಾಗುತ್ತಾ ಹೋದಂತೆ ಪ್ರೋಟೀನ್ ಪಕ್ಕಕ್ಕೆ ಒತ್ತಿಕೊಂಡು, ಒಂದಕ್ಕೊಂದು ಅಂಟಿ ಗಟ್ಟಿಯಾದ ಬಲೆಯಾಗುತ್ತೆ. ನಂತರ ಕರಗಿಸಿ, ನೀರು ಹಿಂಡಿ, ಒಣಗಿಸುತ್ತಾರೆ. ಹರಳು ಇದ್ದ ಜಾಗವೆಲ್ಲ ತೂತು. ಕೈಗೆ ಸಿಗುವುದು ಸ್ಪಂಜಿನಂಥ ಹಗುರ ಬಿಲ್ಲೆ.

6.6ರ ಲೆಕ್ಕ

ಈಗ ಪೆನ್ಸಿಲ್ ತಗೊಳ್ಳಿ. ನನ್ನ ಪ್ರಕಾರ ಈ ಪಾಠದ ಜೀವ ಇಲ್ಲೇ ಇದೆ.

ಜಪಾನಿನ ಸಾಮಾನ್ಯ ಗಟ್ಟಿ ಟೋಫುವಿನಲ್ಲಿ 100 ಗ್ರಾಂಗೆ 85.9 ಗ್ರಾಂ ನೀರು. ಉಳಿದ ಗಟ್ಟಿ ಅಂಶ 14.1 ಗ್ರಾಂ. ಕೋಯಾ-ದೋಫುವಿನಲ್ಲಿ ನೀರು ಬರೀ 7.2 ಗ್ರಾಂ. ಗಟ್ಟಿ ಅಂಶ 92.8. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು 6.6 ಬರುತ್ತೆ. ಅಂದರೆ, ಬರೀ ನೀರು ಮಾತ್ರ ಹೋಗಿದ್ದರೆ ಪ್ರತಿ ಪೋಷಕಾಂಶವೂ 6.6 ಪಟ್ಟು ಆಗಬೇಕಿತ್ತು. ಆಗಿದೆಯಾ ಅಂತ ನೋಡೋಣ.

ಪ್ರೋಟೀನ್: 7 ಗ್ರಾಂ 46 ಆಗಬೇಕಿತ್ತು, ಕೋಷ್ಟಕದಲ್ಲಿ 50.5.
ಕೊಬ್ಬು: 4.9 ಗ್ರಾಂ 32 ಆಗಬೇಕಿತ್ತು, ಇರುವುದು 34.1.
ಕಾರ್ಬೋಹೈಡ್ರೇಟ್: 1.5 ಗ್ರಾಂ 10ರ ಹತ್ತಿರ ಬರಬೇಕಿತ್ತು, ಇರುವುದು 4.2.
ಪೊಟ್ಯಾಸಿಯಂ: 110 ಮಿಲಿಗ್ರಾಂ 720 ದಾಟಬೇಕಿತ್ತು, ಇರುವುದು 34.
ಬಿ1 ವಿಟಮಿನ್: 0.09 ಮಿಲಿಗ್ರಾಂ 0.6 ಆಗಬೇಕಿತ್ತು, ಇರುವುದು 0.02.

ಕಣ್ಣಿಗೆ ಹೊಡೆಯುವ ಹಾಗಿದೆ ಅಲ್ವಾ? ಪ್ರೋಟೀನ್, ಕೊಬ್ಬು ಎರಡೂ ಬಲೆಯಲ್ಲೇ ಸಿಕ್ಕಿಕೊಂಡು ಉಳಿದಿವೆ. ನೀರಿನಲ್ಲಿ ಕರಗುವ ಸಕ್ಕರೆ, ಪೊಟ್ಯಾಸಿಯಂ, ಬಿ ವಿಟಮಿನ್‌ಗಳು ಕರಗಿಸುವಾಗ, ಹಿಂಡುವಾಗ ನೀರಿನ ಜೊತೆ ಹೋಗಿವೆ. ಅವು ಹೋದದ್ದರಿಂದಲೇ ಉಳಿದವುಗಳ ಪಾಲು 6.6 ಪಟ್ಟಿಗಿಂತ ತುಸು ಮೇಲೇರಿದೆ.

ಈ ಲೆಕ್ಕದಲ್ಲಿ ಒಂದು ಸಡಿಲು ಜಾಗ ಇದೆ, ಗಮನಿಸಿ. ಅಂಗಡಿಯ ಟೋಫುವನ್ನೇ ತಂದು ಕೋಯಾ-ದೋಫು ಮಾಡುವುದಿಲ್ಲ. ಅದಕ್ಕೆ ಬೇಕಾದ ಟೋಫುವನ್ನು ಬೇರೆಯೇ ಮಾಡುತ್ತಾರೆ, ಸೋಯಾ ಹಾಲು ಒಡೆಸಲು ಹೆಚ್ಚಾಗಿ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ. ಹಾಗಾಗಿ ಖನಿಜಗಳಿಗೆ ಈ ಗುಣಾಕಾರ ಅಂದಾಜು ಮಾತ್ರ. ಪೊಟ್ಯಾಸಿಯಂ ಇಪ್ಪತ್ತು ಪಟ್ಟು ತಪ್ಪಿರುವುದನ್ನು ಮಾತ್ರ ಅದರಿಂದ ವಿವರಿಸಲು ಆಗದು. ಅದು ತೊಳೆದೇ ಹೋಗಿದೆ.

ಹೊಸದಾಗಿ ಸೇರಿದ್ದು ಸೋಡಿಯಂ, 100 ಗ್ರಾಂಗೆ 440 ಮಿಲಿಗ್ರಾಂ. ಟೋಫುವಿನಲ್ಲಿ ಸಹಜವಾಗಿ ಇಷ್ಟು ಇರುವುದೇ ಇಲ್ಲ. ಬೇಗ ನೆನೆದು ಮೆತ್ತಗಾಗಲಿ ಅಂತ ಅಡುಗೆ ಸೋಡಾ ಸೇರಿಸುತ್ತಾರೆ, ಇದು ಅದರ ಲೆಕ್ಕ. ಇತ್ತೀಚೆಗೆ ಸೋಡಾ ಬದಲು ಪೊಟ್ಯಾಸಿಯಂ ಕಾರ್ಬೊನೇಟ್ ಹಾಕಿದ ಕಡಿಮೆ ಉಪ್ಪಿನ ಬಗೆಯೂ ಸಿಗುತ್ತೆ. ಅದರಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರುತ್ತೆ. ಪೊಟ್ಯಾಸಿಯಂ ಮಿತಿ ಇರುವ ಕಿಡ್ನಿ ರೋಗಿಗಳು ಕೋಷ್ಟಕದ 34 ನಂಬಿಕೊಂಡು ಕೂರಬಾರದು, ಪೊಟ್ಟಣವನ್ನೇ ಓದಬೇಕು. ಅವರಿಗೆ ಪ್ರೋಟೀನ್, ರಂಜಕ ಕೂಡ ಲೆಕ್ಕಕ್ಕೆ ಬರುತ್ತೆ. ರಂಜಕ 100 ಗ್ರಾಂಗೆ 820 ಮಿಲಿಗ್ರಾಂ ಇದೆ. ವೈದ್ಯರನ್ನು ಕೇಳದೆ ಶುರು ಮಾಡುವ ಆಹಾರ ಅಲ್ಲ.

ತಟ್ಟೆಗೆ ಬಂದಾಗ

ಒಂದು ಬಿಲ್ಲೆ ಸುಮಾರು 16.5 ಗ್ರಾಂ ತೂಗುತ್ತೆ. ಅದರಲ್ಲಿ ಪ್ರೋಟೀನ್ 8.3 ಗ್ರಾಂ, ಕೊಬ್ಬು 5.6 ಗ್ರಾಂ, ಕ್ಯಾಲ್ಸಿಯಂ 100 ಮಿಲಿಗ್ರಾಂ ಮೀರಿ ಸ್ವಲ್ಪ, ಕಬ್ಬಿಣ 1.2 ಮಿಲಿಗ್ರಾಂ, ಶಕ್ತಿ 80 ಕಿಲೋ ಕ್ಯಾಲೊರಿಯಷ್ಟು. ನೆನೆಸಿ ಬೇಯಿಸಿದ್ದಕ್ಕೆ ಕೋಷ್ಟಕದಲ್ಲಿ ಬೇರೆ ಸಾಲೇ ಇದೆ: 100 ಗ್ರಾಂಗೆ ಪ್ರೋಟೀನ್ 10.7 ಗ್ರಾಂ, ನೀರು 79.6 ಗ್ರಾಂ. 50 ಎಲ್ಲಿ, 10 ಎಲ್ಲಿ! ಪ್ರೋಟೀನ್ ಓಡಿಹೋಗಿಲ್ಲ, ನೀರು ವಾಪಸ್ ಬಂದಿದೆ ಅಷ್ಟೇ. ಪನೀರಿಗೆ ಹೋಲಿಸುವುದಾದರೆ ಈ ಸಾಲನ್ನು ಹಿಡಿಯಬೇಕು. ಬೇಳೆಗೆ ಹೋಲಿಸುವಾಗ ಎರಡನ್ನೂ ಒಣ ರೂಪದಲ್ಲಿಡಿ, ಇಲ್ಲವೇ ಎರಡನ್ನೂ ಬೆಂದ ರೂಪದಲ್ಲಿಡಿ. ಒಂದು ಒಣದ್ದು, ಒಂದು ಬೆಂದದ್ದು ಇಟ್ಟು ಹೋಲಿಸಿದರೆ ಯಾವ ಆಹಾರವನ್ನು ಬೇಕಾದರೂ ಗೆಲ್ಲಿಸಬಹುದು. ಜಾಹೀರಾತುಗಳು ಮಾಡುವುದು ಇದನ್ನೇ.

ಒಣದ್ದಕ್ಕೆ ಒಣದ್ದು ಅಂತ ನೋಡಿದರೆ ನಮ್ಮ ಅಂಗಡಿಯ ಸೋಯಾ ಚಂಕ್ಸ್ ಕೂಡ 50 ಗ್ರಾಂ ದಾಟುತ್ತೆ. ವ್ಯತ್ಯಾಸ ಇರುವುದು ಕೊಬ್ಬಿನಲ್ಲಿ. ಚಂಕ್ಸ್ ಮಾಡುವುದು ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ, ಅದರಲ್ಲಿ ಕೊಬ್ಬು ತೀರಾ ಕಡಿಮೆ. ಕೋಯಾ-ದೋಫುವಿನಲ್ಲಿ ಮೂರನೇ ಒಂದು ಭಾಗ ಕೊಬ್ಬು. ಅದರ ಅರ್ಧಕ್ಕಿಂತ ಜಾಸ್ತಿ ಬಹು ಅಪರ್ಯಾಪ್ತ ಬಗೆಯದು, ಪರ್ಯಾಪ್ತ ಕೊಬ್ಬು 5 ಗ್ರಾಂನಷ್ಟು. ಒಳ್ಳೆಯ ಕೊಬ್ಬೇ ಹೌದು. ಆದರೆ ಕ್ಯಾಲೊರಿ ಲೆಕ್ಕ ಹಾಕುವವರು ಇದನ್ನು ಮರೆಯಬಾರದು. ಇಂಥ ಕೊಬ್ಬು ಗಾಳಿ, ಬಿಸಿಗೆ ಬೇಗ ಕೆಡುತ್ತೆ ಕೂಡ. ಬಿಲ್ಲೆ ಕಂದು ಬಣ್ಣಕ್ಕೆ ತಿರುಗಿ ಹಳೇ ಎಣ್ಣೆ ವಾಸನೆ ಬಂದರೆ ಬಳಸಬೇಡಿ.

ಪ್ರೋಟೀನಿನ ಗುಣ

ಸೋಯಾದಲ್ಲಿ ಎಲ್ಲ ಅಗತ್ಯ ಅಮೈನೋ ಆಮ್ಲಗಳೂ ಇವೆ. ಸ್ವಲ್ಪ ಕೊರತೆ ಇರುವುದು ಗಂಧಕ ಇರುವ ಮೆಥಿಯೋನಿನ್‌ನದು. ಅನ್ನದಲ್ಲಿ ಕಮ್ಮಿ ಇರುವುದು ಲೈಸಿನ್, ಅದು ಸೋಯಾದಲ್ಲಿ ಧಾರಾಳ. ಹಾಗಾಗಿ ಅನ್ನದ ಜೊತೆ ಇದು ಚೆನ್ನಾಗಿ ಹೊಂದುತ್ತೆ. ಅನ್ನ-ಸಾರಿಗೂ ಇದೇ ತರ್ಕ.

ಇನ್ನು ಮೂರು ವಾರ ಚಳಿಯಲ್ಲಿ ಕೂರಿಸಿದ್ದರ ಪರಿಣಾಮ. ಬಲೆ ಬಿಗಿಯಾದದ್ದರಿಂದ ಪ್ರೋಟೀನಿನ ಒಂದು ಪಾಲು ಸುಲಭಕ್ಕೆ ಜೀರ್ಣವಾಗುವುದಿಲ್ಲ. ಅದು ಕರುಳಿನಲ್ಲಿ ನಾರಿನ ಥರ ನಡೆದುಕೊಳ್ಳುತ್ತೆ, ಕೊಬ್ಬು ಜೀರ್ಣವಾಗಲು ಯಕೃತ್ತು ಮಾಡುವ ಪಿತ್ತಾಮ್ಲವನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತೆ ಎನ್ನುವುದು ಜಪಾನಿನ ಸಂಶೋಧಕರ ವಿವರಣೆ. ಹೋದ ಪಿತ್ತಾಮ್ಲವನ್ನು ಮತ್ತೆ ಮಾಡಲು ಯಕೃತ್ತು ಕೊಲೆಸ್ಟ್ರಾಲ್ ಬಳಸಬೇಕು. ಹೀಗೆ ರಕ್ತದ ಕೊಲೆಸ್ಟ್ರಾಲ್ ಇಳಿಯಬಹುದು. ದಾರಿ ಅರ್ಥವಾಗುವಂಥದ್ದೇ. ಆದರೂ ಪೊಟ್ಟಣದ ಮೇಲಿನ ಮಾತನ್ನು ನಾನು ಸ್ವಲ್ಪ ದೂರದಿಂದಲೇ ಓದುತ್ತೇನೆ, ಯಾಕಂದರೆ ಈ ಸಂಶೋಧನೆಯಲ್ಲಿ ತಯಾರಕರ ಕೈಯೂ ಇದೆ. ಸೋಯಾ ಪ್ರೋಟೀನ್ ದಿನಕ್ಕೆ 25 ಗ್ರಾಂ ತಿಂದರೆ ಹೃದಯಕ್ಕೆ ಒಳ್ಳೆಯದು ಎಂಬ ಪೊಟ್ಟಣದ ಬರಹಕ್ಕೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಪುರಾವೆ ಗಟ್ಟಿಯಿಲ್ಲ ಅಂತ 2017ರಲ್ಲಿ ತಾನೇ ಅದನ್ನು ಹಿಂತೆಗೆಯುವ ಪ್ರಸ್ತಾವ ಇಟ್ಟಿತು. ಜೊತೆಗೆ ಒಂದು ಸಣ್ಣ ತರ್ಕ: ಒಂದು ಪಾಲು ಜೀರ್ಣವಾಗದೆ ಹೋಗುವುದು ನಿಜವಾದರೆ, 8.3 ಗ್ರಾಂ ಪೂರ್ತಿ ಮೈಗೆ ಸೇರಿತು ಅಂತಲೂ ಹೇಳುವಂತಿಲ್ಲ. ಎರಡೂ ಲಾಭವನ್ನು ಒಟ್ಟಿಗೆ ಎಣಿಸಬೇಡಿ.

ಕ್ಯಾಲ್ಸಿಯಂ, ಕಬ್ಬಿಣ

ಕ್ಯಾಲ್ಸಿಯಂ 630 ಮಿಲಿಗ್ರಾಂ ಎಂಬುದು ಸೋಯಾದ ಕೊಡುಗೆ ಮಾತ್ರ ಅಲ್ಲ. ಹಾಲು ಒಡೆಸಲು ಏನು ಹಾಕಿದರು ಎಂಬುದರ ಮೇಲೆ ಇದು ನಿಂತಿದೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ ಕೋಯಾ-ದೋಫುವಿಗೆ ಎರಡು ಸಾಲುಗಳಿವೆ. ಒಂದರಲ್ಲಿ ಕ್ಯಾಲ್ಸಿಯಂ 364 ಮಿಲಿಗ್ರಾಂ, ಕ್ಯಾಲ್ಸಿಯಂ ಸಲ್ಫೇಟ್ ಹಾಕಿ ಮಾಡಿದ್ದರಲ್ಲಿ 2,100 ಮಿಲಿಗ್ರಾಂ ಮೇಲೆ. ಒಂದೇ ತಿನಿಸು, ಸುಮಾರು ಆರು ಪಟ್ಟು ಅಂತರ! ಅಂದಹಾಗೆ ನಮ್ಮ ರಾಗಿಯ ಅಂಕಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 364. ಮುದ್ದೆಯಲ್ಲಿ ಒಂದು ಊಟಕ್ಕೆ 100 ಗ್ರಾಂ ಹಿಟ್ಟು ಸಲೀಸಾಗಿ ಹೋಗುತ್ತೆ. 100 ಗ್ರಾಂ ಒಣ ಟೋಫು ತಿನ್ನಬೇಕಾದರೆ ಆರು ಬಿಲ್ಲೆ ಬೇಕು. ಕ್ಯಾಲ್ಸಿಯಂಗಾಗಿ ರಾಗಿ ಬಿಟ್ಟು ಇದರ ಹಿಂದೆ ಹೋಗುವ ಅಗತ್ಯ ಇಲ್ಲ.

ಕಬ್ಬಿಣ 7.5 ಮಿಲಿಗ್ರಾಂ ಇದೆ. ಸೋಯಾದಲ್ಲಿ ಸಹಜವಾಗಿರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತೆ, ಮೈಗೆ ಪೂರ್ತಿ ಸಿಗುವುದಿಲ್ಲ. ನಿಂಬೆ, ಟೊಮೆಟೊ, ದಪ್ಪ ಮೆಣಸಿನಕಾಯಿಯಂಥ ಸಿ ವಿಟಮಿನ್ ಇರುವುದನ್ನು ಜೊತೆಗೆ ತಿಂದರೆ ಹೀರಿಕೆ ಹೆಚ್ಚುತ್ತೆ. ಸತು 5.2 ಮಿಲಿಗ್ರಾಂ, ಸಸ್ಯಾಹಾರಕ್ಕೆ ಒಳ್ಳೆಯ ಪ್ರಮಾಣವೇ.

ಇಲ್ಲದ್ದನ್ನೂ ಬರೆದುಕೊಳ್ಳಿ. ಬಿ12 ಇಲ್ಲ, ಸಿ ಇಲ್ಲ. ಬಿ1, ಬಿ2 ಹೆಸರಿಗಷ್ಟೇ. ನಾರು 2.5 ಗ್ರಾಂ, ಯಾಕಂದರೆ ಸೋಯಾ ಹಾಲು ಸೋಸುವಾಗಲೇ ಹಿಪ್ಪೆಯ ಜೊತೆ ನಾರು ಹೋಯಿತು. ಕಾಳನ್ನೇ ಬೇಯಿಸಿ ತಿಂದರೆ ಈ ವಿಷಯದಲ್ಲಿ ಲಾಭ ಜಾಸ್ತಿ. ಈಸ್ಟ್ರೋಜನ್ ಹಾರ್ಮೋನನ್ನು ಹೋಲುವ ಸೋಯಾದ ಅಂಶವಾದ ಐಸೊಫ್ಲೇವೋನ್ ಇದ್ದೇ ಇದೆ, ಒಂದು ಬಿಲ್ಲೆಗೆ 15 ಮಿಲಿಗ್ರಾಂ ಹತ್ತಿರ. ಊಟದ ಪ್ರಮಾಣದಲ್ಲಿ ಚಿಂತೆ ಬೇಡ. ಸೋಯಾ ಅಲರ್ಜಿ ಇರುವವರು ಮುಟ್ಟಬಾರದು. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರೆಗೂ ಸೋಯಾಗೂ ನಡುವೆ ಹೊತ್ತು ಬಿಡಬೇಕು, ಇಲ್ಲದಿದ್ದರೆ ಔಷಧಿ ಸರಿಯಾಗಿ ಹೀರಿಕೆಯಾಗುವುದಿಲ್ಲ.

ಜಪಾನಿನಲ್ಲಿರುವ ಕನ್ನಡದ ಸಸ್ಯಾಹಾರಿಗಳಿಗೆ ಒಂದು ಮಾತು. ಕೆಲವು ಪೊಟ್ಟಣಗಳ ಒಳಗೆ ಸಾರಿನ ಪುಡಿ ಇರುತ್ತೆ, ಅದರಲ್ಲಿ ಸಾಮಾನ್ಯವಾಗಿ ಕಟ್ಸುವೊ ಮೀನಿನ ಅಂಶ ಇರುತ್ತೆ. ಪುಡಿ ಇಲ್ಲದ ಬರೀ ಬಿಲ್ಲೆ ತಗೊಳ್ಳಿ. ಮಠದ ಅಡುಗೆಯಲ್ಲಿ ಕೊಂಬು ಎಂಬ ಕಡಲ ಪಾಚಿ, ಒಣ ಅಣಬೆ ನೆನೆಸಿದ ನೀರಿನಲ್ಲೇ ಇದನ್ನು ಬೇಯಿಸುತ್ತಾರೆ. ಬೇಯಿಸಿದ ರಸವನ್ನೆಲ್ಲ ಬಿಲ್ಲೆಯೇ ಹೀರಿಕೊಳ್ಳುವುದರಿಂದ ಉಪ್ಪಿನ ಲೆಕ್ಕವೂ ಅಲ್ಲೇ ಬದಲಾಗುತ್ತೆ. ಸೋಯಾ ಸಾಸ್ ಎಷ್ಟು ಸುರಿದಿರಿ ಅನ್ನುವುದು ಸೋಡಾದ ಸೋಡಿಯಂಗಿಂತ ಎಷ್ಟೋ ದೊಡ್ಡ ಅಂಕಿ.

ಅಭ್ಯಾಸಕ್ಕೆ ಒಂದು ಪ್ರಶ್ನೆ

200 ಗ್ರಾಂ ಟೋಫುವನ್ನು ಮನೆಯ ಫ್ರೀಜರಿನಲ್ಲಿಟ್ಟು, ಮಾರನೇ ದಿನ ಕರಗಿಸಿ ಹಿಂಡಿದರೆ 120 ಗ್ರಾಂ ಉಳಿಯಿತು ಅಂತಿಟ್ಟುಕೊಳ್ಳಿ. ಮೊದಲು 100 ಗ್ರಾಂಗೆ 7 ಗ್ರಾಂ ಪ್ರೋಟೀನ್ ಇತ್ತು. ಈಗ ಎಷ್ಟು?

ಒಟ್ಟು ಪ್ರೋಟೀನ್ ಆಗಲೂ 14 ಗ್ರಾಂ, ಈಗಲೂ ಹೆಚ್ಚುಕಮ್ಮಿ ಅಷ್ಟೇ. 100 ಗ್ರಾಂಗೆ ಲೆಕ್ಕ ಹಾಕಿದರೆ 11.7. ಒಂದು ಗ್ರಾಂ ಪ್ರೋಟೀನ್ ಕೂಡ ಹೊಸದಾಗಿ ಹುಟ್ಟಿಲ್ಲ. ಹಿಂಡಿದ 80 ಗ್ರಾಂ ನೀರಿನಲ್ಲಿ ಪೊಟ್ಯಾಸಿಯಂ, ಬಿ ವಿಟಮಿನ್ ಒಂದಿಷ್ಟು ಇಳಿದಿರುತ್ತೆ. ಆ ನೀರನ್ನು ಚೆಲ್ಲದೆ ಸಾರಿಗೆ ಹಾಕಿದರೆ ಅದೂ ನಷ್ಟ ಆಗುವುದಿಲ್ಲ.